ಕಿವಿಯ ಮಡಿಕೆಯಲ್ಲೊಂದು ಅವರೆಕಾಳು

ಸಂಜೆ ಆರರ ಹೊತ್ತಿಗೆ ಬೆಂಗಳೂರಿನ ಗೊಟ್ಟಿಗೆರೆ ಕೆರೆಯ ಆಸುಪಾಸಿನ ಬಡಾವಣೆಗಳಲ್ಲಿ ನಾಯಿಗಳದೇ ಓಡಾಟ. ಲ್ಯಾಬ್ರಡಾರ್, ಪಗ್, ಶಿಟ್ಜು, ಮಳೆಗಾಲದಲ್ಲಿ ಗೇಟಿನ ಬಳಿ ನಡುಗುತ್ತಾ ನಿಂತು ಮನೆಯೊಳಗೇ ಸೇರಿಕೊಂಡ ನಾಟಿ ಮರಿ, ಎಲ್ಲವೂ ಬೀದಿಗಿಳಿದಿರುತ್ತವೆ. ಸುತ್ತಾಟ ಮುಗಿಸಿ ಬಂದವರು ಜಗಲಿಯಲ್ಲಿ ಕೂತು ನಾಯಿಯ ತಲೆ ಸವರುವಾಗ ಬೆರಳಿಗೆ ಏನೋ ತಡೆಯುತ್ತದೆ. ಕಿವಿಯನ್ನು ಮಡಚಿ ನೋಡಿದರೆ ಒಳಬದಿಯ ಎಳೆ ಚರ್ಮಕ್ಕೆ ಅಂಟಿಕೊಂಡ ಬೂದು ಬಣ್ಣದ, ನುಣುಪಾದ, ಹಿತುಕಿದ ಅವರೆಕಾಳಿನಂಥದ್ದೊಂದು. ಹತ್ತಿರದಿಂದ ನೋಡಿದರೆ ಅದರ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುಗಳು ಮಿಸುಕಾಡುತ್ತಿರುತ್ತವೆ.

ಉಣ್ಣೆ!

ಆ ಕ್ಷಣ ಕೈ ತಾನಾಗಿ ಮುಂದೆ ಹೋಗುತ್ತದೆ. ಉಗುರಿನಲ್ಲಿ ಹಿಡಿದು ಕಿತ್ತುಬಿಡುವ ಅವಸರ. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಕಾಂಪೌಂಡಿನಾಚೆಯಿಂದ ಸಲಹೆ ಕೊಡುತ್ತಾರೆ: "ಕೀಳಬೇಡಮ್ಮ, ಒಂದ್ ತೊಟ್ಟು ಸೀಮೆಎಣ್ಣೆ ಬಿಡು, ತಾನೇ ಬಿಟ್ಕೊಂಡ್ ಬರುತ್ತೆ." ಇನ್ನೊಬ್ಬರು ಬೆಂಕಿಕಡ್ಡಿ ಗೀರಿ ಆರಿಸಿ, ಆ ಬಿಸಿ ತುದಿಯನ್ನು ತಾಗಿಸಿ ಎನ್ನುತ್ತಾರೆ. ಮತ್ತೊಬ್ಬರದು ವ್ಯಾಸಲೀನ್, ಇನ್ನೊಬ್ಬರದು ನೈಲ್ ಪಾಲಿಶ್. ಹೇಳುವವರೆಲ್ಲ ನಾಯಿಯ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಇವುಗಳಲ್ಲಿ ಒಂದೂ ಕೆಲಸ ಮಾಡುವುದಿಲ್ಲ. ಕೆಲವಂತೂ ನಾಯಿಗೆ ನೇರವಾಗಿ ಕೇಡು ಮಾಡುತ್ತವೆ.

ಏಕೆಂದು ತಿಳಿಯಲು ಉಣ್ಣೆಯ ಬಾಯಿಯನ್ನು ನೋಡಬೇಕು. ಉಣ್ಣೆ ಸೊಳ್ಳೆಯ ಹಾಗೆ ಚುಚ್ಚಿ, ಹೀರಿ, ಹಾರಿಹೋಗುವ ಪ್ರಾಣಿಯಲ್ಲ. ಅದು ಕೀಟವೇ ಅಲ್ಲ, ಜೇಡ ಮತ್ತು ಚೇಳಿನ ಬಳಗದ್ದು. ಬೆಳೆದ ಉಣ್ಣೆಗೆ ಎಂಟು ಕಾಲು, ರೆಕ್ಕೆಯಿಲ್ಲ, ಹಾರಲೂ ಬಾರದು, ಚಿಗಟದಂತೆ ನೆಗೆಯಲೂ ಬಾರದು. ತೆವಳಿಕೊಂಡು ಬಂದು ಹತ್ತುವುದೊಂದೇ ದಾರಿ. ಮುಂದಿನ ಜೋಡಿ ಕಾಲುಗಳ ತುದಿಯಲ್ಲಿ ಹಾಲರ್‌ನ ಅಂಗ ಎಂಬ ಪುಟ್ಟ ಗುಳಿಯಿದೆ. ನಾಯಿಯ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ವಾಸನೆ ಇವನ್ನೆಲ್ಲ ಅದರಿಂದಲೇ ಹಿಡಿಯುತ್ತದೆ. ಮೈ ಹತ್ತಿದ ಮೇಲೆ ಚರ್ಮವನ್ನು ಕೊಯ್ದು, ಹಿಂದಕ್ಕೆ ಬಾಗಿದ ಹಲ್ಲುಗಳ ಸಾಲಿರುವ ಕೊಳವೆಯೊಂದನ್ನು ಒಳಗೆ ತೂರಿಸುತ್ತದೆ. ಆಮೇಲೆ ಜೊಲ್ಲಿನಿಂದ ಒಂದು ಬಗೆಯ ಅಂಟನ್ನು ಸುರಿಸಿ, ಗಾರೆ ಮೆತ್ತಿದ ಹಾಗೆ ಬಾಯಿಯ ಸುತ್ತ ಗಟ್ಟಿ ಮಾಡಿಕೊಳ್ಳುತ್ತದೆ. ಅದೇ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ ವಸ್ತುವೂ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವೂ ಇದೆ. ಹೀಗಾಗಿ ವಾರಗಟ್ಟಲೆ ಉಣ್ಣೆ ಹೊತ್ತ ನಾಯಿ ಒಮ್ಮೆಯೂ ಕುಂಯ್ ಎನ್ನದಿರಬಹುದು.

ಗಾರೆ ಮೆತ್ತಿಕೊಂಡು ಕೂತಿರುವ ಇಂಥದ್ದನ್ನು ಉಸಿರು ಕಟ್ಟಿಸಿ ಬಿಡಿಸುತ್ತೇವೆ ಎನ್ನುವುದು ವ್ಯಾಸಲೀನ್, ನೈಲ್ ಪಾಲಿಶ್‌ಗಳ ಹಿಂದಿನ ಲೆಕ್ಕಾಚಾರ. ಆದರೆ ಉಣ್ಣೆ ಉಸಿರಾಡುವುದೇ ಗಂಟೆಗೆ ಬೆರಳೆಣಿಕೆಯಷ್ಟು ಸಲ. ಅದರ ಉಸಿರು ಕಟ್ಟುವ ಹೊತ್ತಿಗೆ ಅದರ ಊಟವೇ ಮುಗಿದಿರಬಹುದು. ಅಮೆರಿಕದ ಓಹಾಯೊ ರಾಜ್ಯದ ಸಂಶೋಧಕ ಗ್ಲೆನ್ ನೀಡಮ್ ಇಂಥ ಮನೆಮದ್ದುಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿ 1985ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರು, ನೈಲ್ ಪಾಲಿಶ್ ಬಳಿದರು, ಸ್ಪಿರಿಟ್ ಹಾಕಿದರು, ಬಿಸಿ ಬೆಂಕಿಕಡ್ಡಿ ತಾಗಿಸಿದರು. ಕಚ್ಚಿಕೊಂಡು ಹನ್ನೆರಡು ಗಂಟೆ ಕಳೆದ ಉಣ್ಣೆಯೂ ಬಿಡಲಿಲ್ಲ, ಮೂರು ದಿನ ಕಳೆದದ್ದೂ ಬಿಡಲಿಲ್ಲ. ಕೊನೆಗೆ ಅವರು ಹೇಳಿದ ದಾರಿ ಒಂದೇ: ಚರ್ಮಕ್ಕೆ ಒತ್ತಿ ಹಿಡಿದು, ಒಂದೇ ಸಮನೆ ಮೇಲಕ್ಕೆ ಎಳೆಯುವುದು.

ಬೆಂಕಿ, ಸೀಮೆಎಣ್ಣೆಗಳಲ್ಲಿ ಇನ್ನೂ ಒಂದು ಅಪಾಯವಿದೆ. ಕೆರಳಿದ ಉಣ್ಣೆ ಇನ್ನಷ್ಟು ಜೊಲ್ಲು ಸುರಿಸಬಹುದು, ಕುಡಿದದ್ದನ್ನು ಗಾಯದೊಳಗೇ ಕಾರಬಹುದು. ರೋಗಾಣು ಇರುವುದು ಆ ಜೊಲ್ಲಿನಲ್ಲೇ. ಇನ್ನು ನಾಯಿಯ ಪಾಡು: ಕಿವಿಯೊಳಗೆ ಸುಟ್ಟ ಗಾಯ, ಸೀಮೆಎಣ್ಣೆ ಬಿದ್ದಲ್ಲಿ ಉರಿಯುವ ಚರ್ಮ, ಅದನ್ನು ನೆಕ್ಕಿದರೆ ಹೊಟ್ಟೆಗೂ ವಿಷ. ಕೆಂಡದಂಥ ಕಡ್ಡಿಯನ್ನು ಒಮ್ಮೆ ಕಿವಿಗೆ ತಾಗಿಸಿಕೊಂಡ ನಾಯಿ ಮುಂದೆ ಯಾರಿಗೂ ಕಿವಿ ಮುಟ್ಟಲು ಬಿಡುವುದಿಲ್ಲ. ಈ ನಷ್ಟ ಚಿಕ್ಕದಲ್ಲ. ಉಣ್ಣೆ ಹುಡುಕುವ ಕೆಲಸವೆಲ್ಲ ನಿಂತಿರುವುದು ನಾಯಿ ಮೈ ಮುಟ್ಟಗೊಡುವ ನಂಬಿಕೆಯ ಮೇಲೆ.

ಬೇಕಾಗುವ ಸಾಮಾನು ಬಹಳ ಕಡಿಮೆ. ಚೂಪು ತುದಿಯ ಒಂದು ಚಿಮಟ. ಹುಬ್ಬು ತಿದ್ದುವ ಚಪ್ಪಟೆ ತುದಿಯದ್ದು ಬೇಡ, ಅದು ಉಣ್ಣೆಯ ಹೊಟ್ಟೆಯನ್ನೇ ಅಮುಕಿಬಿಡುತ್ತದೆ. ಮೆಡಿಕಲ್ ಅಂಗಡಿಯ ರಬ್ಬರ್ ಕೈಗವಸು, ಅದಿಲ್ಲದಿದ್ದರೆ ಬೆರಳಿಗೆ ಸುತ್ತಿಕೊಳ್ಳಲು ಟಿಶ್ಯೂ ಕಾಗದ. ಮುಚ್ಚಳ ಬಿಗಿಯಾಗಿರುವ ಸಣ್ಣ ಬಾಟಲಿಯಲ್ಲಿ ಅರ್ಧದಷ್ಟು ಸ್ಪಿರಿಟ್. ಒಳ್ಳೆಯ ಬೆಳಕು. ನಾಯಿಯ ಮೂತಿಯ ಬಳಿ ಕೂತು ಅದರ ಜತೆ ಮಾತಾಡುತ್ತಾ ಒಂದೊಂದೇ ಬಿಸ್ಕತ್ತಿನ ಚೂರು ಕೊಡಲು ಮನೆಯ ಇನ್ನೊಬ್ಬರು.

ಕೂದಲನ್ನು ಎರಡೂ ಕಡೆಗೆ ಬಿಡಿಸಿದರೆ ಉಣ್ಣೆ ಚರ್ಮಕ್ಕೆ ಕಚ್ಚಿಕೊಂಡ ಜಾಗ ಕಾಣುತ್ತದೆ. ಉಬ್ಬಿದ ಹೊಟ್ಟೆಯ ಕೆಳಗೆ, ಚರ್ಮಕ್ಕೆ ತಾಗಿದಂತೆ, ಅದರ ಪುಟ್ಟ ಕಂದು ತಲೆ. ಚಿಮಟದ ತುದಿ ಹೋಗಬೇಕಾದದ್ದು ಅಲ್ಲಿಗೆ, ಚರ್ಮಕ್ಕೆ ಸವರಿಕೊಂಡು. ಹಿಡಿತ ಸಿಕ್ಕ ಮೇಲೆ ನೇರವಾಗಿ ಮೇಲಕ್ಕೆ, ನಿಧಾನವಾಗಿ, ಒಂದೇ ಬಲದಲ್ಲಿ ಎಳೆಯಬೇಕು. ಚರ್ಮ ಗುಡಾರದಂತೆ ಸ್ವಲ್ಪ ಮೇಲೇಳುತ್ತದೆ. ಅಲ್ಲಿಗೇ ಎಳೆತವನ್ನು ಬಿಡದೆ ಹಿಡಿದು ಕೆಲವು ಸೆಕೆಂಡು ಕಾಯಬೇಕು. ಗಾರೆ ಸಡಿಲವಾಗಿ ಉಣ್ಣೆ ಬಿಟ್ಟುಕೊಳ್ಳುವುದು ಕೈಗೆ ತಿಳಿಯುತ್ತದೆ. ಜಗ್ಗಿದರೆ, ತಿರುಚಿದರೆ, ಹೊಟ್ಟೆ ಕೈಗೆ ಬಂದು ಬಾಯಿ ಚರ್ಮದಲ್ಲೇ ಉಳಿಯುತ್ತದೆ. ಪೆಟ್ ಅಂಗಡಿಗಳಲ್ಲಿ ಸಿಗುವ, ಸೀಳು ತುದಿಯ ಪ್ಲಾಸ್ಟಿಕ್ ಕೊಕ್ಕೆಯ ರೀತಿ ಬೇರೆ. ಅದನ್ನು ಉಣ್ಣೆಯ ಬುಡಕ್ಕೆ ಜಾರಿಸಿ ತಿರುಗಿಸುತ್ತಾ ಎತ್ತುವುದೇ ಕ್ರಮ. ಎರಡೂ ಸರಿ, ಒಂದರ ರೀತಿಯನ್ನು ಇನ್ನೊಂದಕ್ಕೆ ಬೆರೆಸಬಾರದು ಅಷ್ಟೆ.

ತೆಗೆದ ಉಣ್ಣೆ ನೇರ ಬಾಟಲಿಗೆ. ಹೇನು ಕುಕ್ಕಿದ ಹಾಗೆ ಉಗುರಿನ ನಡುವೆ ಇಟ್ಟು ಒಡೆಯುವುದು ಹಳೆಯ ಅಭ್ಯಾಸ, ಬಿಡಲೇಬೇಕಾದ ಅಭ್ಯಾಸ. ಒಡೆದ ಉಣ್ಣೆಯ ರಸ ಬೆರಳಿನ ಗೀರಿಗೋ ಕಣ್ಣಿಗೋ ತಾಗಿದರೆ ಸೋಂಕು ಮನುಷ್ಯರಿಗೂ ದಾಟಬಹುದು. ಕಸದ ಬುಟ್ಟಿಗೆ ಎಸೆದರೆ ಅದು ಹತ್ತಿಕೊಂಡು ಹೊರಗೆ ಬರುತ್ತದೆ. ಬಚ್ಚಲ ನೀರಿಗೆ ಬಿಟ್ಟರೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಸ್ಪಿರಿಟ್ಟಿನಲ್ಲಿ ಸಾಯುತ್ತದೆ. ಕಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ಒರೆಸಿ ಪೊವಿಡೋನ್ ಅಯೋಡಿನ್ ಹಚ್ಚಿದರೆ ಸಾಕು. ಅಲ್ಲೊಂದು ಸಣ್ಣ ಗಂಟು ಕೆಲವು ದಿನ ಉಳಿಯುತ್ತದೆ. ಬಾಯಿಯ ಚೂರು ಒಳಗೇ ಮುರಿದುಕೊಂಡಿದ್ದರೆ ಸೂಜಿ ಹಾಕಿ ಕೆದಕಬಾರದು. ಮುಳ್ಳನ್ನು ತಳ್ಳಿದ ಹಾಗೆ ಚರ್ಮ ಅದನ್ನು ತಾನೇ ಹೊರಗೆ ತಳ್ಳುತ್ತದೆ. ಜಾಗ ಕೆಂಪಾಗಿ ಊದಿಕೊಂಡು ಕೀವು ಬಂದರಷ್ಟೇ ವೈದ್ಯರಿಗೆ ತೋರಿಸಬೇಕು.

ಚಿಮಟ ಹಿಡಿಯುವ ಮುನ್ನ ಒಂದು ವಿಷಯ ಖಚಿತವಾಗಿರಲಿ: ಹಿಡಿದಿರುವುದು ಉಣ್ಣೆಯನ್ನೇ. ಗಂಡು ನಾಯಿಗೂ ಮೊಲೆತೊಟ್ಟುಗಳಿರುತ್ತವೆ. ಹೊಟ್ಟೆಯ ಮೇಲಿನ ಕಪ್ಪು ತೊಟ್ಟನ್ನೋ, ಮುದಿ ನಾಯಿಯ ಚರ್ಮದ ಗಂಟನ್ನೋ ಉಣ್ಣೆಯೆಂದು ತಿಳಿದು ಎಳೆದವರಿದ್ದಾರೆ. ಬುಡದಲ್ಲಿ ಕಾಲುಗಳು ಕಂಡರಷ್ಟೇ ಅದು ಉಣ್ಣೆ.

ಹುಡುಕಬೇಕಾದ ಜಾಗಗಳು ಗೊತ್ತಿರುವವರಿಗೆ ಐದು ನಿಮಿಷದ ಕೆಲಸ. ಕಿವಿಯ ಒಳಗೆ ಮತ್ತು ಅಂಚಿನ ಮಡಿಕೆ, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ತೊಡೆಯ ಸಂದು, ಬಾಲದ ಬುಡ, ಎಲ್ಲಕ್ಕಿಂತ ಹೆಚ್ಚಾಗಿ ಬೆರಳುಗಳ ಸಂದಿ. ಅಂಗಾಲನ್ನು ಬಿಡಿಸಿ ನೋಡದವರಿಗೆ ಅರ್ಧ ಉಣ್ಣೆ ಕಾಣುವುದೇ ಇಲ್ಲ. ಗಾತ್ರವೂ ಕಣ್ಣನ್ನು ಮೋಸಗೊಳಿಸುತ್ತದೆ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿ ರಾಗಿ ಕಾಳಿಗಿಂತ ಚಿಕ್ಕದು, ಅದಕ್ಕೆ ಆರೇ ಕಾಲು. ಇನ್ನೂ ರಕ್ತ ಕುಡಿಯದ ಬೆಳೆದ ಉಣ್ಣೆ ಚಪ್ಪಟೆಯಾಗಿ, ಕಂದು ಬಣ್ಣದಲ್ಲಿ, ಎಳ್ಳುಕಾಳಿನಷ್ಟು. ಹೊಟ್ಟೆ ತುಂಬಿದ ಹೆಣ್ಣು ಮಾತ್ರ ಒಂದು ಸೆಂಟಿಮೀಟರಿಗೂ ಮೀರಿ ಅವರೆಕಾಳಾಗುತ್ತದೆ. ಆ ಹೆಣ್ಣಿನ ಪಕ್ಕದಲ್ಲೇ ಗಂಡು ಚಪ್ಪಟೆಯಾಗಿ ಅಡಗಿ ಕೂತಿರುವುದು ಸಾಮಾನ್ಯ. ಒಂದನ್ನು ತೆಗೆದ ಜಾಗವನ್ನು ಮತ್ತೊಮ್ಮೆ ನೋಡಬೇಕು ಎನ್ನುವುದು ಅದಕ್ಕೇ.

ಇಷ್ಟೆಲ್ಲ ಎಚ್ಚರ ಒಂದು ಹುಳುವಿಗಾಗಿಯೇ ಎಂದು ಕೇಳುವವರಿಗೆ ಉತ್ತರ ನಾಯಿಯ ರಕ್ತದಲ್ಲಿದೆ. ಉಣ್ಣೆ ಕುಡಿಯುವ ರಕ್ತ ಮರಿಗಳಿಗೆ ಮಾತ್ರ ಪ್ರಾಣಸಂಕಟ. ಬೆಳೆದ ನಾಯಿಗೆ ಸಂಕಟ ತರುವುದು ಅದು ಬಿಟ್ಟುಹೋಗುವ ರೋಗಾಣು. ಬೆಂಗಳೂರಿನ ಸಾಕುವವರ ಬಾಯಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: 'ಟಿಕ್ ಫೀವರ್'. ಆ ಒಂದು ಹೆಸರಿನೊಳಗೆ ಹಲವು ರೋಗಗಳಿವೆ, ಮತ್ತು ಅವುಗಳಲ್ಲಿ ಕೆಲವನ್ನು ಜಗತ್ತು ಮೊದಲು ಗುರುತಿಸಿದ್ದು ನಮ್ಮ ನೆಲದಲ್ಲೇ. ಮದ್ರಾಸ್ ಹಂಟ್ ಎಂಬ ಬೇಟೆ ಕೂಟದ ನಾಯಿಗಳ ರಕ್ತದಲ್ಲಿ ಕೆಂಪು ಕಣಗಳೊಳಗೆ ಅಡಗಿದ್ದ ಜೀವಿಯೊಂದನ್ನು ಡಬ್ಲ್ಯು.ಎಸ್. ಪ್ಯಾಟನ್ 1910ರಲ್ಲಿ ವರ್ಣಿಸಿದರು. ಅದನ್ನೇ ಮುಂದೆ ನರಿಯ ರಕ್ತದಲ್ಲೂ ಕಂಡರು. ಇಂದಿಗೂ ನಾಯಿ ವೈದ್ಯರ ನಿದ್ದೆಗೆಡಿಸುವ ಬಬೇಸಿಯಾ ಗಿಬ್ಸೋನಿ ಅದು. ಅದಕ್ಕೂ ಐದು ವರ್ಷ ಮೊದಲು, 1905ರಲ್ಲಿ, ಭಾರತದ ನಾಯಿಗಳಲ್ಲೇ ಎಸ್.ಪಿ. ಜೇಮ್ಸ್ ಹೆಪಟೊಜೂನ್ ಕ್ಯಾನಿಸ್ ಎಂಬ ಇನ್ನೊಂದನ್ನು ವರ್ಣಿಸಿದ್ದರು. ಇದರ ದಾರಿ ವಿಚಿತ್ರ. ಉಣ್ಣೆ ಕಚ್ಚಿದ್ದರಿಂದ ಬರುವುದಿಲ್ಲ, ನಾಯಿ ಉಣ್ಣೆಯನ್ನು ಕಚ್ಚಿ ನುಂಗಿದರೆ ಬರುತ್ತದೆ. ತನ್ನ ಕಾಲಿನ ಸಂದಿಯನ್ನು ಹಲ್ಲಿನಿಂದ ಕೊರೆಯುತ್ತಾ ಕೂತ ನಾಯಿಯನ್ನು ನೋಡಿ 'ತಾನೇ ಕಿತ್ತುಕೊಳ್ಳುತ್ತೆ ಬಿಡಿ' ಎನ್ನುವವರು ಇದನ್ನು ನೆನಪಿಡಬೇಕು.

ಮೂರನೆಯದು ಎರ್ಲಿಕಿಯಾ ಕ್ಯಾನಿಸ್. 1935ರಲ್ಲಿ ಅಲ್ಜೀರಿಯಾದಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ. ಅದರ ಭೀಕರತೆ ಜಗತ್ತಿಗೆ ತಿಳಿದದ್ದು ವಿಯೆಟ್ನಾಂ ಯುದ್ಧದಲ್ಲಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆಯ ನಾಯಿಗಳು, ಅವುಗಳಲ್ಲೂ ಜರ್ಮನ್ ಶೆಫರ್ಡ್‌ಗಳು, ಮೂಗಿನಿಂದ ರಕ್ತ ಸುರಿಸುತ್ತಾ ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಈ ಬ್ಯಾಕ್ಟೀರಿಯಾ ಬಿಳಿ ರಕ್ತಕಣದೊಳಗೆ ಮನೆ ಮಾಡುತ್ತದೆ, ಪ್ಲೇಟ್‌ಲೆಟ್ ಕುಸಿಯುತ್ತದೆ. ಜ್ವರ ಬಂದು ಹೋದ ಮೇಲೆ ನಾಯಿ ಆರೋಗ್ಯವಾಗಿಯೇ ಕಾಣುತ್ತಾ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದ್ದು, ಒಂದು ದಿನ ಮಜ್ಜೆಯೇ ಸೋತು ಮಲಗಬಹುದು. ಇದಕ್ಕೆ ಲಸಿಕೆಯಿಲ್ಲ. ಕಚ್ಚಿದ ಕೆಲವೇ ಗಂಟೆಗಳಲ್ಲಿ ಎರ್ಲಿಕಿಯಾ ದಾಟಬಲ್ಲದು, ಬಬೇಸಿಯಾಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಭಾನುವಾರ ಸ್ನಾನ ಮಾಡಿಸುವಾಗ ನೋಡೋಣ ಎನ್ನುವುದಕ್ಕೂ ಪ್ರತಿ ಸಂಜೆ ನೋಡುವುದಕ್ಕೂ ಇರುವ ಅಂತರ ಈ ಗಂಟೆಗಳದ್ದು.

ಆದ್ದರಿಂದ ಉಣ್ಣೆ ತೆಗೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡುವುದು ಒಳ್ಳೆಯದು. ಮುಂದಿನ ಎರಡು ಮೂರು ವಾರ ನಾಯಿಯ ಮೇಲೆ ಕಣ್ಣಿರಲಿ. ತಟ್ಟೆ ಮೂಸಿ ಹಿಂದೆ ಸರಿಯುವುದು, ಮೂಲೆ ಹಿಡಿಯುವುದು, ಮೈ ಸುಡುವುದು, ಗುಲಾಬಿಯಾಗಿರಬೇಕಾದ ಒಸಡು ಬಿಳಿಚುವುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳೇಳುವುದು, ಮೂಗಿನಿಂದ ರಕ್ತ, ಕಾಫಿ ಡಿಕಾಕ್ಷನ್ನಿನ ಬಣ್ಣದ ಮೂತ್ರ. ಇವುಗಳಲ್ಲಿ ಒಂದು ಕಂಡರೂ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ನಾಯಿಯ ಮೈ ಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಕೈ ಮುಟ್ಟಿ ಜ್ವರ ಅಳೆಯಲಾಗದು. ಮನುಷ್ಯರ ಜ್ವರದ ಮಾತ್ರೆಯನ್ನು ಅರ್ಧ ಮಾಡಿ ನುಂಗಿಸುವುದಂತೂ ಕೂಡದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ವೈದ್ಯರು ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಕಣಗಳ ಎಣಿಕೆ ಮಾಡಿಸುತ್ತಾರೆ. ಎರ್ಲಿಕಿಯಾ ಎಂದಾದರೆ ಡಾಕ್ಸಿಸೈಕ್ಲಿನ್, ಸುಮಾರು ನಾಲ್ಕು ವಾರ. ಐದನೇ ದಿನಕ್ಕೆ ನಾಯಿ ಎದ್ದು ಬಾಲ ಆಡಿಸುತ್ತದೆ, ಮಾತ್ರೆ ನಿಂತುಬಿಡುತ್ತದೆ. ರೋಗ ಮರುಕಳಿಸುವುದಕ್ಕೆ ಅಲ್ಲೇ ದಾರಿಯಾಗುತ್ತದೆ. ಬಬೇಸಿಯಾಕ್ಕೆ ಔಷಧವೇ ಬೇರೆ, ಅದರಲ್ಲೂ ಗಿಬ್ಸೋನಿ ಮೊಂಡು ಜಾತಿ. ಹೀಗಾಗಿ ಯಾವುದೆಂದು ತಿಳಿಯದೆ ಕಳೆದ ಸಲದ ಚೀಟಿಯನ್ನೇ ಹಿಡಿದು ಔಷಧ ತರುವುದು ತಪ್ಪು.

ಈಗ ಉಣ್ಣೆಗಳು ಅಡಗುವ ಗೋಡೆಯ ವಿಷಯ.

ಉಣ್ಣೆ ಹತ್ತಿತೆಂದರೆ ಗೊಟ್ಟಿಗೆರೆಯಲ್ಲಿ ಬೈಗುಳ ಬೀಳುವುದು ಕೆರೆಯ ಮೇಲೆ, ದಂಡೆಯ ಹುಲ್ಲಿನ ಮೇಲೆ. 'ಅಲ್ಲಿ ವಾಕಿಂಗ್ ನಿಲ್ಲಿಸಿ, ಸರಿಹೋಗುತ್ತೆ' ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹುಲ್ಲಿನಲ್ಲೂ ಉಣ್ಣೆ ಉಂಟು, ದನ ಮೇಯುವ ಬಯಲಿನಲ್ಲಂತೂ ಖಂಡಿತ. ಆದರೆ ನಗರದ ನಾಯಿಗಳ ಮೈಮೇಲೆ ಸಾಮಾನ್ಯವಾಗಿ ಸಿಗುವುದು ಕಂದು ನಾಯಿ ಉಣ್ಣೆ, ವಿಜ್ಞಾನದ ಹೆಸರಿನಲ್ಲಿ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್. ಭೂಮಿಯ ಮೇಲೆ ಅತಿ ಹೆಚ್ಚು ಹರಡಿರುವ ಉಣ್ಣೆ ಇದು. ಇದು ಬಯಲಿಗಿಂತ ನಾಯಿ ಮಲಗುವ ಜಾಗವನ್ನು ಮೆಚ್ಚುವ ಜೀವಿ. ಸೂರಿನಡಿಯಲ್ಲೇ, ಸೋಫಾದ ಹಿಂದೆಯೇ, ಮೊಟ್ಟೆಯಿಂದ ಮೊಟ್ಟೆಯವರೆಗಿನ ಇಡೀ ಬದುಕನ್ನು ಮುಗಿಸಬಲ್ಲದು.

ಅದರ ಬದುಕಿನ ಲೆಕ್ಕ ಹೀಗಿದೆ. ಮರಿ ನಾಯಿಯ ಮೈಯೇರಿ ಕೆಲವು ದಿನ ರಕ್ತ ಕುಡಿದು ಉದುರುತ್ತದೆ. ಸಂದಿಯೊಂದರಲ್ಲಿ ಅಡಗಿ ಪೊರೆ ಕಳಚಿ ಎಂಟು ಕಾಲಿನದ್ದಾಗುತ್ತದೆ. ಮತ್ತೆ ಹತ್ತುತ್ತದೆ, ಕುಡಿಯುತ್ತದೆ, ಉದುರುತ್ತದೆ, ಇನ್ನೊಮ್ಮೆ ಪೊರೆ ಕಳಚುತ್ತದೆ. ಮೂರನೇ ಸಲ ಹತ್ತಿದ ಹೆಣ್ಣು ವಾರ, ಹತ್ತು ದಿನ ಕುಡಿದು ಉಬ್ಬಿ ಉದುರಿ, ಗೋಡೆಯೇರಿ ಬಿರುಕಿನಲ್ಲಿ ಸಾವಿರದಿಂದ ನಾಲ್ಕು ಸಾವಿರದವರೆಗೆ ಮೊಟ್ಟೆಯಿಟ್ಟು ಸಾಯುತ್ತದೆ. ಬೆಚ್ಚನೆಯ ಹವೆಯಲ್ಲಿ ಈ ಸುತ್ತು ಎರಡು ತಿಂಗಳೊಳಗೂ ಮುಗಿಯಬಹುದು. ಕಡು ಚಳಿಯಿಲ್ಲದ ಬೆಂಗಳೂರಿನಲ್ಲಿ ಇದಕ್ಕೆ ರಜೆಯ ತಿಂಗಳೇ ಇಲ್ಲ. ಊಟ ಸಿಗದಿದ್ದರೂ ಬೆಳೆದ ಉಣ್ಣೆ ಒಂದು ವರ್ಷಕ್ಕೂ ಮೀರಿ ಕಾಯಬಲ್ಲದು. ಖಾಲಿ ಬಿದ್ದಿದ್ದ ಮನೆಗೆ ನಾಯಿ ಸಮೇತ ಬಾಡಿಗೆಗೆ ಬಂದವರು ಮೊದಲ ವಾರದಲ್ಲೇ ಉಣ್ಣೆ ಕಂಡು ಕಂಗಾಲಾಗುವುದು ಹೀಗೆ.

ಯಾವುದೇ ದಿನ ನಾಯಿಯ ಮೈಮೇಲೆ ಕಾಣುವುದು ಮನೆಯಲ್ಲಿರುವ ಉಣ್ಣೆಗಳ ಒಂದು ಸಣ್ಣ ಪಾಲು ಮಾತ್ರ. ಉಳಿದವೆಲ್ಲ ಗೋಡೆಯಲ್ಲಿವೆ. ಚಿಮಟ ಹಿಡಿದು ದಿನವೂ ಹತ್ತು ತೆಗೆದರೂ ಮರುದಿನ ಮತ್ತೆ ಹತ್ತು ಸಿಗುವ ಬವಣೆಗೆ ಕಾರಣ ಇಷ್ಟೇ. ಈ ಜಾತಿಯ ಉಣ್ಣೆಗೆ ಮೇಲಕ್ಕೆ ಹತ್ತುವ ಸ್ವಭಾವ. ಆದ್ದರಿಂದ ನೆಲ ಒರೆಸಿದರೆ ಸಾಲದು. ಟಾರ್ಚ್ ಹಿಡಿದು ನೋಡಬೇಕಾದದ್ದು ಕಿಟಕಿಯ ಚೌಕಟ್ಟು, ಪರದೆಯ ಮಡಿಕೆ, ಸ್ವಿಚ್ ಬೋರ್ಡಿನ ಅಂಚು, ಗೋಡೆಗೆ ಒರಗಿಸಿದ ಫೋಟೊದ ಹಿಂಬದಿ, ನಾಯಿಗೂಡಿನ ತಾರಸಿ. ಗಾರೆ ಬಿಟ್ಟ ಬಿರುಕುಗಳನ್ನು ಪುಟ್ಟಿ ಹಾಕಿ ಮುಚ್ಚುವುದು, ನಾಯಿಯ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ವ್ಯಾಕ್ಯೂಮ್ ಮಾಡಿದ ದೂಳಿನ ಚೀಲವನ್ನು ಮನೆಯೊಳಗೆ ಇಟ್ಟುಕೊಳ್ಳದೆ ಕಟ್ಟಿ ಹೊರಹಾಕುವುದು, ಇವು ತಿಂಗಳುಗಟ್ಟಲೆ ಬಿಡದೆ ನಡೆಯಬೇಕಾದ ಕೆಲಸ. ಉಣ್ಣೆ ಹೆಚ್ಚಿದ್ದರೆ ಕೀಟನಾಶಕ ಸಿಂಪಡಿಸುವವರನ್ನು ಕರೆಸಲೇಬೇಕು, ಒಂದೇ ಸಲಕ್ಕೆ ಮುಗಿಯಿತೆಂದೂ ತಿಳಿಯಬಾರದು. ಪೊರೆಯೊಳಗಿರುವವು, ಮೊಟ್ಟೆಯಲ್ಲಿರುವವು ಮೊದಲ ಸಿಂಪಡಣೆಗೆ ಸಿಗುವುದಿಲ್ಲ.

ಮೈಮೇಲಿನ ರಕ್ಷಣೆಗೆ ಇಂದು ಒಳ್ಳೆಯ ಔಷಧಗಳಿವೆ. ಬೆನ್ನಿನ ಮೇಲೆ ಬಿಡುವ ಫಿಪ್ರೊನಿಲ್ ಹನಿಗಳು, ಕೊರಳಪಟ್ಟಿಗಳು, ಬಾಯಿಗೆ ಕೊಡುವ ಅಫೊಕ್ಸೊಲೇನರ್, ಫ್ಲುರಲೇನರ್ ಗುಂಪಿನ ಅಗಿಯುವ ಮಾತ್ರೆಗಳು. ಮಾತ್ರೆಗಳು ನಾಯಿಯ ರಕ್ತಕ್ಕೆ ಸೇರಿ, ಕುಡಿಯಲು ಬಂದ ಉಣ್ಣೆಯನ್ನು ಕೊಲ್ಲುತ್ತವೆ. ಕೆಲವು ತಿಂಗಳಿಗೊಮ್ಮೆ, ಕೆಲವು ಹನ್ನೆರಡು ವಾರಕ್ಕೊಮ್ಮೆ. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಮಾತ್ರೆಯಿಂದ ತೊಂದರೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿತ್ತು. ಆದ್ದರಿಂದ ನಾಯಿಯ ತೂಕ, ವಯಸ್ಸು, ಹಿಂದಿನ ಕಾಯಿಲೆಗಳನ್ನು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಕಾಲಿ ಜಾತಿಯ ನಾಯಿಗಳಲ್ಲಿ ಹಲವಕ್ಕೆ ಐವರ್‌ಮೆಕ್ಟಿನ್ ವಿಷವಾಗುತ್ತದೆ. ಪರ್ಮೆಥ್ರಿನ್ ಇರುವ ನಾಯಿ ಔಷಧ ಬೆಕ್ಕಿನ ಪ್ರಾಣಕ್ಕೇ ಕುತ್ತು. ಎರಡನ್ನೂ ಸಾಕಿದವರ ಮನೆಯಲ್ಲಿ ನಾಯಿಗೆ ಬಿಟ್ಟ ಹನಿಯನ್ನು ಬೆಕ್ಕು ನೆಕ್ಕುವ ಸಂಭವವೂ ಇದೆ. ಬೆಳೆಗೆ ಹೊಡೆಯುವ ಔಷಧವನ್ನು ಬಕೆಟ್ಟಿಗೆ ಬೆರೆಸಿ ನಾಯಿಯನ್ನು ಮೀಯಿಸುವ ಪದ್ಧತಿ ನಗರದ ಅಂಚಿನ ಹಳ್ಳಿಗಳಲ್ಲಿ ಪೂರ್ತಿ ಹೋಗಿಲ್ಲ. ಅದನ್ನು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬೇವಿನೆಣ್ಣೆಯ ಮೇಲೆ ನಂಬಿಕೆಯಿಟ್ಟವರು ಬಹಳ, ಆದರೆ ಕಚ್ಚಿಕೊಂಡಿರುವ ಉಣ್ಣೆಯನ್ನು ಅದು ಬಿಡಿಸುವುದಿಲ್ಲ.

ಮಲೆನಾಡಿನ ಮೂಲದವರ ಮನೆಗಳಲ್ಲಿ ಉಣ್ಣೆ ಎಂದೊಡನೆ ಇನ್ನೊಂದು ಭಯ ಏಳುತ್ತದೆ. ಅಲ್ಲಿ ಇದನ್ನು ಉಣುಗು ಎನ್ನುತ್ತಾರೆ, ಆ ಮಾತಿನ ಹಿಂದೆ ಮಂಗನ ಕಾಯಿಲೆಯ ನೆನಪಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು, ಕಾಯಿಲೆಗೆ ಆ ಊರಿನ ಹೆಸರೇ ನಿಂತಿತು. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ 2018-19ರಲ್ಲಿ ಆದ ಸಾವುಗಳನ್ನು ಆ ಭಾಗದವರು ಮರೆತಿಲ್ಲ. ಈ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮೊಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಬೆಂಗಳೂರಿನ ಮನೆಗೋಡೆಯಲ್ಲಿರುವುದು ಅದಲ್ಲ. ಆದರೆ ಬೇಸಿಗೆ ರಜೆಯಲ್ಲಿ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಹೋಗುವವರು ಈಗ ಹೆಚ್ಚಾಗಿದ್ದಾರೆ. ಕಾಯಿಲೆಯ ಕಾಲವೂ ಅದೇ, ಡಿಸೆಂಬರಿನಿಂದ ಮೇವರೆಗೆ. ತೋಟ, ಕಾಡಂಚು ಸುತ್ತಿ ಬಂದ ನಾಯಿಯ ಮೈಯನ್ನು ಮನೆಯೊಳಗೆ ಬಿಡುವ ಮುನ್ನ ಕೈಗವಸು ಹಾಕಿಕೊಂಡು ನೋಡಬೇಕು, ನಾಯಿಯ ಜತೆ ಹೋದವರು ತಮ್ಮ ಮೈಯನ್ನೂ ನೋಡಿಕೊಳ್ಳಬೇಕು. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳುವುದು ಅಲ್ಲಿನವರಿಗೆ ರೂಢಿ. ಅತಿಥಿಗಳಿಗೂ ಅದು ಬೇಕು.

ನಗರದ ಕಂದು ಉಣ್ಣೆಯೂ ಮನುಷ್ಯರನ್ನು ಪೂರ್ತಿ ಬಿಟ್ಟಿಲ್ಲ. ನಾಯಿ ಸಿಗದಾಗ, ಉಣ್ಣೆ ಮಿತಿಮೀರಿದಾಗ ಮಕ್ಕಳ ಮೈಗೂ ಹತ್ತುತ್ತದೆ, ಇಂಡಿಯನ್ ಟಿಕ್ ಟೈಫಸ್ ಎಂಬ ಜ್ವರವನ್ನು ತರಬಲ್ಲದು. ಜ್ವರದ ಜತೆ ಮೈಮೇಲೆ ದದ್ದು ಎದ್ದರೆ ಮನೆಯಲ್ಲಿ ನಾಯಿಯಿದೆ, ಉಣ್ಣೆ ಕಂಡಿದ್ದೇವೆ ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಕೇಳದಿದ್ದರೂ ಹೇಳಬೇಕು.

ಇನ್ನು ಗೇಟಿನಾಚೆ. ಬಿಬಿಎಂಪಿ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳ ನೆರಳಿನಲ್ಲಿ, ಕಾಳೇನ ಅಗ್ರಹಾರದ ನಿಲ್ದಾಣದ ಕೆಳಗೆ, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಮರಳಿನ ಗುಡ್ಡೆಯ ಮೇಲೆ, ಸೆಕ್ಯುರಿಟಿಯವರ ಶೆಡ್ಡಿನ ಬುಡದಲ್ಲಿ ಅವು ಮಲಗುತ್ತವೆ. ಮನೆಯ ನಾಯಿ ಪ್ರತಿ ಸಂಜೆ ನಿಂತು ಮೂಸುವುದೂ ಅದೇ ಶೆಡ್ಡಿನ ಮೂಲೆಯನ್ನು. ಇದೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬನ್ನೇರುಘಟ್ಟದ ಕಾಡು. ನಾಯಿಯ ಉಣ್ಣೆ, ನಾಯಿಯ ರೋಗ ಕಾಡಂಚಿನಲ್ಲಿ ಎಲ್ಲಿಯವರೆಗೆ ಹೋಗಬಲ್ಲದೆಂಬ ಪ್ರಶ್ನೆ ಇಲ್ಲಿ ಬರಿಯ ಕುತೂಹಲದ್ದಲ್ಲ. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಮೂರೇ ವಾರದಲ್ಲಿ 23 ಸಿಂಹಗಳು ಸತ್ತಾಗ ಕೆನೈನ್ ಡಿಸ್ಟೆಂಪರ್ ವೈರಸ್ಸಿನ ಜತೆ ಉಣ್ಣೆಯಿಂದ ಬರುವ ಬಬೇಸಿಯಾ ಸೋಂಕೂ ಕಂಡುಬಂದಿತ್ತು.

ಒಂದು ಬೀದಿಯೇ ಒಟ್ಟಾಗಿ ಉಣ್ಣೆಯನ್ನು ಎದುರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅರಿಜೋನಾದಲ್ಲಿ ಒಳ್ಳೆಯ ಉದಾಹರಣೆಯಿದೆ. ಅಲ್ಲಿನ ಮೂಲನಿವಾಸಿಗಳ ಊರುಗಳಲ್ಲಿ ಇದೇ ಕಂದು ನಾಯಿ ಉಣ್ಣೆಯಿಂದ ರಾಕಿ ಮೌಂಟನ್ ಸ್ಪಾಟೆಡ್ ಫೀವರ್ ಹಬ್ಬಿ ಮಕ್ಕಳೂ ಸತ್ತಿದ್ದರು. 2012ರಲ್ಲಿ ಐನೂರಕ್ಕೂ ಹೆಚ್ಚು ಮನೆಗಳ ಒಂದು ಪ್ರದೇಶದಲ್ಲಿ ಸಿಕ್ಕ ಪ್ರತಿ ನಾಯಿಗೂ, ಸಾಕಿದ್ದಕ್ಕೂ ಅಲೆಯುವುದಕ್ಕೂ, ಬಹುಕಾಲ ಬಾಳುವ ಉಣ್ಣೆ ನಿವಾರಕ ಕೊರಳಪಟ್ಟಿ ಕಟ್ಟಿದರು, ಮನೆಯಂಗಳಗಳಿಗೆ ಔಷಧ ಸಿಂಪಡಿಸಿದರು. ಮೊದಲ ವರ್ಷದಲ್ಲೇ ಅಲ್ಲಿ ಮೈಮೇಲೆ ಉಣ್ಣೆ ಕಾಣುವ ನಾಯಿಗಳು ನೂರಕ್ಕೆ ಒಂದಕ್ಕೂ ಕಡಿಮೆಯಾದವು. ಈ ಕೆಲಸ ನಡೆಯದ ನೆರೆಯ ಊರುಗಳಲ್ಲಿ ಅದು ನೂರಕ್ಕೆ ಅರವತ್ತನಾಲ್ಕಿತ್ತು.

ಗೊಟ್ಟಿಗೆರೆಯ ಬೀದಿಗಳಲ್ಲಿ ಇದಕ್ಕೆ ಬೇಕಾದ ಜನ ಆಗಲೇ ಇದ್ದಾರೆ. ರಾತ್ರಿ ಒಂಬತ್ತರ ಹೊತ್ತಿಗೆ ಸ್ಟೀಲ್ ಡಬ್ಬಿಯಲ್ಲಿ ಅನ್ನ, ಕೋಳಿ ಕಾಲು ಕಲಸಿಕೊಂಡು ಹೊರಡುವವರು, ತಮ್ಮ ಬೀದಿಯ ಪ್ರತಿ ನಾಯಿಯನ್ನೂ ಹೆಸರಿಟ್ಟು ಕರೆಯುವವರು. ಸಂತಾನಹರಣ ಚಿಕಿತ್ಸೆಯಾಗಿ ಕಿವಿಯ ತುದಿ ಕತ್ತರಿಸಿದ ಆ ನಾಯಿಗಳು ಇವರ ಕೈಗೆ ಮಾತ್ರ ಕಿವಿ ಮುಟ್ಟಗೊಡುತ್ತವೆ. ಅಪಾರ್ಟ್‌ಮೆಂಟಿನ ಸಂಘವೊಂದು ತನ್ನ ಗೇಟಿನ ಬಳಿ ಮಲಗುವ ನಾಲ್ಕೈದು ನಾಯಿಗಳ ತೂಕವನ್ನು ಅಂದಾಜಿಸಿ, ವೈದ್ಯರನ್ನು ಕೇಳಿ, ಅಗಿಯುವ ಮಾತ್ರೆಗೆ ಹಣ ಕೂಡಿಸಿದರೆ, ಆ ಮಾತ್ರೆ ಅನ್ನದ ಉಂಡೆಯೊಳಗೆ ಸುಲಭವಾಗಿ ಹೋಗುತ್ತದೆ. ಒಂದೊಂದು ನಾಯಿಗೆ ಒಂದೊಂದು ಉಂಡೆ, ಅದು ನುಂಗುವವರೆಗೆ ಪಕ್ಕದಲ್ಲಿ ನಿಂತು ನೋಡಬೇಕು. ಶೆಡ್ಡಿನ ಗೋಡೆಯ ಬಿರುಕಿಗೆ ಒಂದು ಬಾಂಡಲಿ ಸಿಮೆಂಟು ಸಾಕು.